ತಿಕ್ಕಿದರೆ ಹೋಗದ ಕಲೆ

ಕಳೆದ ಮಳೆಗಾಲದಲ್ಲಿ ಕಾಗಾಲದ ನಮ್ಮ ಮನೆಗೆ ಬಂಧುವೊಬ್ಬರು ಏಳು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ತಣ್ಣೀರು ಬಾಯಿಗಿಟ್ಟರೆ ಮಗು ಅಳುತ್ತಿತ್ತು. ನೋಡಿದರೆ, ಈಚೆಗಷ್ಟೇ ಹುಟ್ಟಿದ ದವಡೆ ಹಲ್ಲಿನಲ್ಲಿ ಹಳದಿ ಮಚ್ಚೆ. ಅಂಚು ಆಗಲೇ ಪುಡಿಯಾಗಿದೆ. ಕೂಡಲೇ ಎಲ್ಲರ ಕಣ್ಣೂ ತಾಯಿಯ ಮೇಲೆ. ಚಾಕಲೇಟು ತಿನ್ನಿಸಿದೆ, ಹಲ್ಲು ತಿಕ್ಕಿಸಲಿಲ್ಲ, ನಮ್ಮ ಕಾಲದಲ್ಲಿ ಮಾವಿನ ಎಲೆ ಸಾಕಾಗಿತ್ತು! ಆಕೆ ತಲೆ ತಗ್ಗಿಸಿ ಕುಳಿತಿದ್ದಳು. ನನಗೆ ಮಾತ್ರ ನಾಲ್ಕು ದಶಕಗಳ ಹಿಂದಿನ ನನ್ನದೇ ಒಂದು ತಪ್ಪು ನೆನಪಾಯಿತು.

1984ರಲ್ಲಿ ನನಗೆ ಮುಂಡರಗಿ ತಾಲೂಕಿನ ಪ್ರೌಢಶಾಲೆಯೊಂದಕ್ಕೆ ವರ್ಗವಾಗಿತ್ತು. ಆಗ ಆ ತಾಲೂಕು ಧಾರವಾಡ ಜಿಲ್ಲೆಯಲ್ಲಿತ್ತು; ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಮನೆಯಂಗಳದಲ್ಲೇ ಬಾವಿ ಕಂಡು ಬೆಳೆದ ನನಗೆ ಕಪ್ಪತಗುಡ್ಡದ ಸೀಮೆಯ ಬಯಲು, ಕೊಳವೆಬಾವಿಯ ಮುಂದಿನ ಕೊಡಗಳ ಸಾಲು ಎಲ್ಲವೂ ಹೊಸತು. ಸೋಮವಾರ ಪ್ರಾರ್ಥನೆಯ ಬಳಿಕ ಉಗುರು, ತಲೆ, ಹಲ್ಲುಗಳ ತಪಾಸಣೆ ನನ್ನ ಪಾಲಿನ ಕೆಲಸ. ಎಂಟನೆಯ ತರಗತಿಯ ಹುಡುಗನೊಬ್ಬನ ಮುಂದಿನ ಹಲ್ಲುಗಳಲ್ಲಿ ಕಂದು ಪಟ್ಟಿಗಳಿದ್ದವು. ಸಾಲಿನಿಂದ ಹೊರಗೆ ನಿಲ್ಲಿಸಿ, ಇದ್ದಿಲು ಕೊಟ್ಟು, ತಿಕ್ಕಿ ಬಾ ಎಂದು ಕಳಿಸಿದೆ. ಸ್ವಲ್ಪ ಹೊತ್ತಿನಲ್ಲಿ ಬಂದ. ವಸಡಿನಲ್ಲಿ ರಕ್ತ, ಕಲೆ ಇದ್ದಂತೆಯೇ ಇತ್ತು. “ದಿನಾ ತಿಕ್ಕತೀನ್ರೀ ಸರ, ಹೋಗಂಗಿಲ್ರಿ” ಎಂದ. ಯಾರೂ ನಗಲಿಲ್ಲ. ಆಗ ತಲೆಯೆತ್ತಿ ನೋಡಿದೆ: ಸಾಲಿನಲ್ಲಿ ಅಂಥ ಹಲ್ಲುಗಳು ಇನ್ನೂ ಎಷ್ಟೋ ಇದ್ದವು.

ಅದು ಕೊಳೆಯಲ್ಲ, ನೀರಿನ ಫ್ಲೋರೈಡ್ ಎಂದು ತಿಳಿಯಲು ನನಗೆ ಮತ್ತೆರಡು ವರ್ಷ ಬೇಕಾಯಿತು. ಲೋಕಕ್ಕೂ ತಡವಾಗಿಯೇ ತಿಳಿದದ್ದು ಎನ್ನಿ. ಅಮೆರಿಕದ ಕೊಲೊರಾಡೊದಲ್ಲಿ ಮೆಕೇ ಎಂಬ ದಂತವೈದ್ಯರು 1901ರಲ್ಲಿ ಇಂಥ ಹಲ್ಲುಗಳನ್ನು ಗಮನಿಸಿದರು. ಕಾರಣ ನೀರಿನಲ್ಲಿ ಸಿಕ್ಕಿದ್ದು 1931ರಲ್ಲಿ. ನಮ್ಮ ದೇಶದಲ್ಲಿ 1937ರಷ್ಟು ಹಿಂದೆಯೇ ನೆಲ್ಲೂರು ಜಿಲ್ಲೆಯಿಂದ ವರದಿಯಾಗಿತ್ತು. ಆದರೂ ಮಾಸ್ತರನಾದ ನನಗೆ ಅದರ ಸುಳಿವಿರಲಿಲ್ಲ.

ಹಲ್ಲಿನ ಹೊರಕವಚವಾದ ಎನಾಮಲ್ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ಆದರೆ ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ವಸಡನ್ನು ಸೀಳಿ ಹೊರಬರುವ ವೇಳೆಗೆ ಇಲ್ಲವಾಗುತ್ತವೆ. ಮುರಿದ ಎಲುಬು ಕೂಡಿಕೊಂಡೀತು, ಎನಾಮಲ್ ಮತ್ತೆ ಬೆಳೆಯದು. ಆರೇಳು ವರ್ಷಕ್ಕೆ ಕಾಣುವ ಮುಂದಿನ ಶಾಶ್ವತ ಹಲ್ಲಿನ ಎನಾಮಲ್, ಕೂಸಿಗೆ ಮೂರು ನಾಲ್ಕು ತಿಂಗಳಾದಾಗಲೇ ದವಡೆಯೊಳಗೆ ಆರಂಭವಾಗಿ ನಾಲ್ಕೈದು ವರ್ಷಕ್ಕೆ ಮುಗಿದಿರುತ್ತದೆ. ಆ ಅವಧಿಯಲ್ಲಿ ಕುಡಿದ ನೀರು, ಬಂದ ಜ್ವರ, ಅಪೌಷ್ಟಿಕತೆ, ಹಾಲುಹಲ್ಲಿಗೆ ಬಿದ್ದ ಪೆಟ್ಟು, ಇವೆಲ್ಲ ಒಳಗಿನ ಹಲ್ಲಿನ ಮೇಲೆ ಗುರುತು ಬಿಡಬಲ್ಲವು. ಕೆಲವು ಮನೆತನಗಳಲ್ಲಿ ದೋಷ ವಂಶದಿಂದಲೇ ಬರುತ್ತದೆ. ಫ್ಲೋರೈಡಿನ ಹಲ್ಲು ಮೊದಲು ಸುಣ್ಣದಂತೆ ಬಿಳಿಚಿಕೊಂಡೇ ಹುಟ್ಟಿ, ಕಂದು ಬಣ್ಣ ಆಮೇಲೆ ಹಿಡಿಯುವುದರಿಂದ ನೋಡುವವರಿಗೆ ಕೊಳೆಯೆಂದೇ ತೋರುತ್ತದೆ.

ಕಾಗಾಲದ ಆ ಮಗುವಿನದು ಫ್ಲೋರೈಡ್ ಅಲ್ಲವೆಂದರು ದಂತವೈದ್ಯರು. ಮೊದಲ ಶಾಶ್ವತ ದವಡೆ ಹಲ್ಲುಗಳ ಎನಾಮಲ್ ಹೀಗೆ ಮೆದುವಾಗಿ ಹುಟ್ಟುವ ತೊಂದರೆ ಬೇರೆಯೇ ಇದೆಯಂತೆ. ಅದಕ್ಕೆ ಇದೇ ಕಾರಣ ಎನ್ನುವಂಥದ್ದು ವೈದ್ಯಲೋಕಕ್ಕೆ ಇನ್ನೂ ಸಿಕ್ಕಿಲ್ಲ. ಹುಳುಕು ಅಂಥ ಹಲ್ಲಿಗೆ ಬೇಗ ಹತ್ತುತ್ತದೆ ನಿಜ, ಆದರೆ ಮೂಲದೋಷ ತಾಯಿಯದಲ್ಲ. ಇದನ್ನು ಓದಿದ ಬಂಧುಗಳು ಗಾಬರಿಯಾಗಿ ಮಕ್ಕಳ ಫ್ಲೋರೈಡ್ ಟೂತ್‌ಪೇಸ್ಟನ್ನು ಎಸೆಯಬೇಡಿರಿ. ಚಿಕ್ಕವರಿಗೆ ಬಟಾಣಿಯಷ್ಟೇ ಸಾಕು, ನುಂಗಬಾರದು, ಅಷ್ಟೇ.

ಈಗ ಫ್ಲೋರೈಡ್ ಸೀಮೆಯ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳಿವೆ. ಒಳ್ಳೆಯದೇ. ಆದರೆ ಕ್ಯಾನಿನ ನೀರು ಕುಡಿಯಲಿಕ್ಕೆ ಮಾತ್ರ, ಬೇಳೆ ಬೇಯುವುದು ಕೊಳವೆಬಾವಿಯ ನೀರಿನಲ್ಲೇ ಎಂದಾದರೆ ಪ್ರಯೋಜನ ಅರ್ಧ. ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಆ ನೀರು ಮೊದಲು ತಲುಪಬೇಕಾದದ್ದು ಅಂಗನವಾಡಿಯ ಅಡುಗೆಗೆ, ಕೂಸುಗಳಿರುವ ಮನೆಗೆ. ಪ್ರೌಢಶಾಲೆಯ ಹುಡುಗನ ಎಲುಬಿಗೆ ಅದರಿಂದ ಹಿತವಾದೀತು. ಅವನ ಮುಂದಿನ ಹಲ್ಲಿನ ಲೆಕ್ಕ ಆಗಲೇ ಮುಗಿದಿರುತ್ತದೆ. ಶಾಲೆಯ ತಪಾಸಣೆಯಲ್ಲಿ ಕಲೆಯ ಹಲ್ಲು ಕಂಡರೆ ಮಾಸ್ತರರು ಮಗುವನ್ನು ಸಾಲಿನಿಂದ ಹೊರಗೆ ಕಳಿಸದೆ ಊರಿನ ನೀರನ್ನು ಪರೀಕ್ಷೆಗೆ ಕಳಿಸಲಿ.

1987ರ ಎಸ್ಸೆಸ್ಸೆಲ್ಸಿ ಗುಂಪಿನ ಭಾವಚಿತ್ರ ನನ್ನ ಬಳಿ ಇದೆ. ಹಿಂದಿನ ಸಾಲಿನ ಎಡತುದಿಯಲ್ಲಿ ಆ ಹುಡುಗ ತುಟಿ ಬಿಗಿದು ನಿಂತಿದ್ದಾನೆ. ಆ ವರ್ಷದವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಸೋಮವಾರ ತಪ್ಪು ಮಾಸ್ತರರದಾಗಿತ್ತೆಂದು ಅವನಿಗೆ ತಿಳಿಸಿರಿ.