ಪಾಠ ಹುಡುಗೀರಿಗೆ ಮಾತ್ರವೇ?



ಮೊನ್ನೆ ಯಡಿಯೂರು ಕೆರೆ ಬದಿಯಲ್ಲಿ ಕೂತು ನಾವು ಮಾತಾಡಿದ್ದು ಇದನ್ನೇ. ಹೆಣ್ಣಿನ ಮೇಲಿನ ದೌರ್ಜನ್ಯ ತಡೆಯೋ ಪಾಠ ಅಂದರೆ ಎಷ್ಟೋ ಶಾಲೆಗಳಲ್ಲಿ ಹುಡುಗೀರನ್ನ ಕೂರಿಸಿ ಹುಷಾರಾಗಿರಿ ಅನ್ನೋದು, ಹುಡುಗರನ್ನ ಆಟಕ್ಕೆ ಬಿಡೋದು!

2007ರಲ್ಲಿ ಹದಿಹರೆಯದ ಶಿಕ್ಷಣ ಬಂದಾಗ ಸಂಸ್ಕೃತಿ ಕೆಡುತ್ತೆ ಅಂತ ಗುಲ್ಲೆದ್ದಿತು. ಕರ್ನಾಟಕವೂ ಬೇಡ ಅಂದಿತು. ಯಾರ ಸಂಸ್ಕೃತಿ ಸ್ವಾಮಿ? ನಮ್ಮ ಕೇರಿಯ ಎಳೇ ಹುಡುಗೀರಿಗೆ ಮುತ್ತು ಕಟ್ಟಿ ಊರಿಗೆ ಬಿಟ್ಟಾಗ ಅದು ಕೆಡಲಿಲ್ಲವೇ? ದೇವದಾಸಿ ಬಿಡೋದನ್ನ ನಿಷೇಧಿಸಿ ಈ ರಾಜ್ಯ ಕಾಯ್ದೆ ಮಾಡಿದ್ದು 1982ರಲ್ಲಿ.

ಈಗ 2012ರ ಪೋಕ್ಸೊ ಕಾಯ್ದೆ ಇದೆ. ಮಗು 1098ಕ್ಕೆ ಫೋನ್ ಮಾಡಬಹುದು. ಒಳ್ಳೇದೇ. ಆದರೆ ಕೈ ಹಾಕಿದವನು ಅವಳಪ್ಪ ಕೂಲಿ ಮಾಡೋ ಧಣಿಯ ಮಗನಾದರೆ? ದೊಡ್ಡೋರಿಗೆ ಹೇಳು ಅನ್ನುತ್ತೆ ಪಾಠ. ಯಾವ ದೊಡ್ಡೋರಿಗೆ? ದಲಿತರ ಮೇಲಿನ ದೌರ್ಜನ್ಯ ತಡೆಯೋ 1989ರ ಕಾಯ್ದೆಯೂ ಅವಳ ಬೆನ್ನಿಗಿದೆ ಅಂತ ಮೇಷ್ಟ್ರು ತರಗತಿಯಲ್ಲೇ ಹೇಳಬೇಕು.

ಇನ್ನು ನಮ್ಮ ಕಥೆ. ಹಾಸ್ಟೆಲಿನ ಕಕ್ಕಸು ಗೋಡೆ ಮೇಲೆ ಹುಡುಗೀರ ಹೆಸರು ಗೀಚಿದ್ದು ಯಾವ ಧಣಿಯೂ ಅಲ್ಲ, ನಾವೇ. ಭಾನುವಾರ ಸುಣ್ಣ ತಂದು ಬಳಿಯೋಣ. ಸೋಮವಾರ ಶಿಕ್ಷಣ ಇಲಾಖೆಗೆ ಮನವಿ: ಗಂಡುಹುಡುಗರನ್ನೂ ಕೂರಿಸಿ, ಜಾತಿಯ ಮಾತನ್ನೂ ಸೇರಿಸಿ ಪಾಠ ಮಾಡಿ.