ಹಳಬರ ಹೊಸ ಹಾಡು

ರಾಕ್ ಸಂಗೀತಕ್ಕೆ ಮುಪ್ಪು ಬಂದಿದೆ. ಹುಟ್ಟಿದಾಗ ಅದು ತಾನು ತರುಣರ ಸಂಗೀತವೆಂದು ಸಾರಿಕೊಂಡೇ ಹುಟ್ಟಿತ್ತು. ಹಿರಿಯರ ಮಾತನ್ನು ಮೀರುವುದೇ ಅದರ ಸತ್ವವೆಂಬುದನ್ನು ಮೆಚ್ಚಿದವರೂ ಹಳಿದವರೂ ಸಮನಾಗಿ ಒಪ್ಪಿದ್ದರು. ೧೯೬೨ರಲ್ಲಿ ಲಂಡನ್ನಿನಲ್ಲಿ ಕೂಡಿದ ರೋಲಿಂಗ್ ಸ್ಟೋನ್ಸ್ ಮೇಳದ ಗಾಯಕ ಮಿಕ್ ಜಾಗರ್ ಮತ್ತು ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಇಬ್ಬರೂ ೧೯೪೩ರಲ್ಲಿ ಜನಿಸಿದವರು, ಎಂಬತ್ತನ್ನು ದಾಟಿದವರು. ಹಿರಿಯರನ್ನು ಧಿಕ್ಕರಿಸಿ ಹಾಡಿದ ಜಾಗರ್ ಮುತ್ತಜ್ಜನಾಗಿಯೂ ವರ್ಷಗಳು ಸಂದಿವೆ.

ಇದರಲ್ಲಿ ಸೋಜಿಗವೇನೂ ಇಲ್ಲ. ಕಾಲ ಯಾರನ್ನೂ ಬಿಟ್ಟಿದ್ದಿಲ್ಲ. ಸೋಜಿಗದ ಸಂಗತಿ ಬೇರೆ. ಈ ವೃದ್ಧರು ಹಿಂದಿನ ಗಳಿಕೆಯನ್ನು ಉಣ್ಣುತ್ತ ಸುಮ್ಮನೆ ಕುಳಿತಿಲ್ಲ. ಹೊಸ ಹಾಡುಗಳನ್ನು ಕಟ್ಟುತ್ತಿದ್ದಾರೆ. ಆ ಹೊಸ ಹಾಡುಗಳನ್ನು ಲೋಕವು ಹೇಗೆ ಬರಮಾಡಿಕೊಳ್ಳುತ್ತಿದೆ ಎಂಬುದೇ ಇಲ್ಲಿಯ ವಿಚಾರ. ಕೊಪ್ಪಳ ಸೀಮೆಯ ಇರಕಲ್ಲಗಡದಂಥ ಊರಿನ ವಾಚಕರಿಗೆ ಈ ಚರ್ಚೆಯೇಕೆಂದು ಯಾರಾದರೂ ಕೇಳಿಯಾರು. ಲಂಡನ್ನಿನಲ್ಲಿ ಬಿಡುಗಡೆಯಾದ ಹಾಡು ಅದೇ ದಿನ ಇರಕಲ್ಲಗಡದ ಕಟ್ಟೆಯ ಮೇಲೆ ಕುಳಿತವನ ಫೋನಿನಲ್ಲಿಯೂ ಕೇಳಸಿಗುವ ಕಾಲವಿದು ಎಂಬುದು ಒಂದು ಉತ್ತರ. ಇದಕ್ಕಿಂತ ಹತ್ತಿರದ ಉತ್ತರವೊಂದು ಅದೇ ಕೊಪ್ಪಳ ತಾಲೂಕಿನಲ್ಲಿಯೇ ಇದೆ. ಅದು ಮುಂದೆ ತಾನಾಗಿಯೇ ತಿಳಿದುಬರುವುದು.

ಮೊದಲು ನಡೆದುದನ್ನು ನೋಡೋಣ. ರೋಲಿಂಗ್ ಸ್ಟೋನ್ಸ್ ಮೇಳದವರು ೨೦೨೩ರ ಅಕ್ಟೋಬರಿನಲ್ಲಿ ‘ಹ್ಯಾಕ್ನಿ ಡೈಮಂಡ್ಸ್’ ಎಂಬ ಆಲ್ಬಂ ಹೊರತಂದರು. ಸ್ವಂತ ರಚನೆಗಳ ಆಲ್ಬಂ ಒಂದನ್ನು ಅವರು ಕೊಟ್ಟು ಆಗ ಹದಿನೆಂಟು ವರ್ಷಗಳು ಕಳೆದಿದ್ದವು. ಈ ನಡುವೆ, ೨೦೨೧ರ ಆಗಸ್ಟಿನಲ್ಲಿ, ಮೇಳದ ತಾಳವನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿದಿದ್ದ ಚಾರ್ಲಿ ವಾಟ್ಸ್ ತೀರಿಕೊಂಡಿದ್ದರು. ಅವರು ನುಡಿಸಿಟ್ಟಿದ್ದ ಡ್ರಮ್ಮಿನ ಗತಿ ಹೊಸ ಆಲ್ಬಮ್ಮಿನ ಎರಡು ಹಾಡುಗಳಲ್ಲಿ ಉಳಿದುಬಂದಿದೆ. ೧೯೬೯ರಲ್ಲಿ ಆರಂಭವಾದ ಜೂಡಾಸ್ ಪ್ರೀಸ್ಟ್ ೨೦೨೪ರ ಮಾರ್ಚಿನಲ್ಲಿಯೂ, ೧೯೬೮ರ ಡೀಪ್ ಪರ್ಪಲ್ ಅದೇ ವರ್ಷದ ಜುಲೈಯಲ್ಲಿಯೂ ಹೊಸ ಆಲ್ಬಂಗಳನ್ನು ನೀಡಿದವು. ಜೂಡಾಸ್ ಪ್ರೀಸ್ಟ್ ಮೇಳದ ಗ್ಲೆನ್ ಟಿಪ್ಟನ್ ತಮಗೆ ಪಾರ್ಕಿನ್ಸನ್ ಕಾಯಿಲೆ ತಗುಲಿರುವುದನ್ನು ೨೦೧೮ರಲ್ಲಿಯೇ ಪ್ರಕಟಿಸಿದವರು; ಆದರೂ ಆ ಆಲ್ಬಮ್ಮಿನ ರಚನೆಯಲ್ಲಿ ಅವರ ಪಾಲಿದೆ. ಇಯಾನ್ ಆಂಡರ್ಸನ್ನರ ಕೊಳಲಿನಿಂದ ಹೆಸರಾದ ಜೆಥ್ರೊ ಟಲ್ ಮೇಳವು ೨೦೨೨, ೨೦೨೩ ಮತ್ತು ೨೦೨೫ರಲ್ಲಿ ಮೂರು ಆಲ್ಬಂಗಳನ್ನು ಕೊಟ್ಟಿತು. ನಡುಗುವ ಕೈಗಳಿಂದಲೂ ಕೆಲಸವನ್ನು ಬಿಡದ ಈ ಛಲಕ್ಕೆ, ಅವರ ಸಂಗೀತವು ಒಗ್ಗದವರು ಕೂಡ ತಲೆದೂಗಬೇಕು.

ಬೀಟಲ್ಸ್ ಮೇಳದ ಸಂಗತಿ ಇನ್ನೂ ವಿಚಿತ್ರವಾದದ್ದು. ೧೯೮೦ರಲ್ಲಿ ಹತರಾದ ಜಾನ್ ಲೆನನ್ನರು ೧೯೭೦ರ ದಶಕದ ಕೊನೆಯಲ್ಲಿ ಮನೆಯಲ್ಲಿ ಕುಳಿತು ಕ್ಯಾಸೆಟ್ಟಿನಲ್ಲಿ ಹಾಡಿಟ್ಟಿದ್ದ ಹಾಡೊಂದಿತ್ತು. ಉಳಿದ ಮೂವರು ೧೯೯೫ರಲ್ಲಿ ಅದನ್ನು ಪೂರ್ಣಗೊಳಿಸಲು ಯತ್ನಿಸಿ, ಧ್ವನಿಯು ಪಿಯಾನೋದ ಸದ್ದಿನಲ್ಲಿ ಮುಳುಗಿಹೋಗಿದ್ದುದರಿಂದ ಕೈಬಿಟ್ಟಿದ್ದರು. ಒಂದರೊಳಗೊಂದು ಬೆರೆತ ಧ್ವನಿಗಳನ್ನು ಬೇರ್ಪಡಿಸುವ ಗಣಕವಿದ್ಯೆ ಈಚೆಗೆ ಕೈಗೂಡಿದ್ದರಿಂದ ‘ನೌ ಅಂಡ್ ದೆನ್’ ಎಂಬ ಆ ಹಾಡು ೨೦೨೩ರ ನವೆಂಬರಿನಲ್ಲಿ ಹೊರಬಂದಿತು. ಜಾರ್ಜ್ ಹ್ಯಾರಿಸನ್ನರು ಗತಿಸಿ ಆಗ ಇಪ್ಪತ್ತೆರಡು ವರ್ಷಗಳಾಗುತ್ತ ಬಂದಿದ್ದವು. ಇಬ್ಬರು ಬದುಕಿದ್ದವರು, ಇಬ್ಬರು ಇಲ್ಲದವರು ಕೂಡಿ ಹಾಡಿದ ಹಾಡು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು.

೨೦೨೫ರ ಫೆಬ್ರುವರಿಯಲ್ಲಿ ಅಮೆರಿಕದ ಗ್ರ್ಯಾಮಿ ಪ್ರಶಸ್ತಿಗಳನ್ನು ಕೊಟ್ಟಾಗ ಅತ್ಯುತ್ತಮ ರಾಕ್ ಆಲ್ಬಂ ಎಂಬ ಗೌರವವು ರೋಲಿಂಗ್ ಸ್ಟೋನ್ಸ್ ಮೇಳಕ್ಕೂ, ಅತ್ಯುತ್ತಮ ರಾಕ್ ಗಾಯನದ ಗೌರವವು ಬೀಟಲ್ಸ್ ಮೇಳಕ್ಕೂ ಸಂದವು. ಅರವತ್ತು ವರ್ಷಗಳ ಹಿಂದೆ ಪರಸ್ಪರ ಸ್ಪರ್ಧಿಗಳಾಗಿದ್ದ ಎರಡು ಮೇಳಗಳೇ ಮತ್ತೊಮ್ಮೆ ಮುಂದೆ ನಿಂತವು. ಇದನ್ನು ಹಳಬರ ವಿಜಯವೆಂದು ಕೊಂಡಾಡಿದವರುಂಟು. ನಮಗೆ ಹಾಗೆ ತೋರುವುದಿಲ್ಲ. ಒಂದು ಕಲೆಯಲ್ಲಿ ಮೊಮ್ಮಕ್ಕಳ ಸಾಲಿನಿಂದ ಯಾರೂ ಏಳದೆ ಅಜ್ಜಂದಿರಿಗೇ ಮಣೆ ಹಾಕಬೇಕಾಗಿ ಬಂದರೆ ಎರಡರಲ್ಲಿ ಒಂದು ನಿಜವಾಗಿರಬೇಕು: ಆ ಮನೆತನ ಬಂಜೆಯಾಗಿರಬೇಕು, ಇಲ್ಲವೆ ತೀರ್ಪುಗಾರರ ಕಿವಿಗಳು ಹಳೆಯ ಕಂಠದ ಗುರುತು ಹತ್ತಿದ ಕೂಡಲೆ ಮಣಿಯುತ್ತಿರಬೇಕು. ಗಿಟಾರ್ ಹಿಡಿದ ತರುಣರು ಎಲ್ಲ ದೇಶಗಳಲ್ಲಿಯೂ ಇದ್ದಾರೆಂಬುದನ್ನು ಬಲ್ಲೆವಾದ್ದರಿಂದ ಎರಡನೆಯ ಕಾರಣವೇ ಹೆಚ್ಚು ಸಂಭವವೆನ್ನಬೇಕು.

ವ್ಯಾಪಾರದ ಲೆಕ್ಕವೂ ಅದನ್ನೇ ಹೇಳುತ್ತದೆ. ಬಿಡುಗಡೆಯಾಗಿ ಒಂದೂವರೆ ವರ್ಷ ದಾಟಿದ ಹಾಡುಗಳನ್ನು ಅಮೆರಿಕದ ಉದ್ಯಮದವರು ಹಳೆಯವೆಂದು ಎಣಿಸುತ್ತಾರೆ. ಅಲ್ಲಿಯ ಒಟ್ಟು ಸಂಗೀತ ಬಳಕೆಯಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಪಾಲು ಈಚಿನ ವರ್ಷಗಳಲ್ಲಿ ಇಂಥ ಹಳೆಯ ಹಾಡುಗಳದ್ದೇ ಆಗಿದೆ. ಹಣವಂತರು ಇದನ್ನು ಬೇಗನೆ ಅರಿತರು. ಬಾಬ್ ಡಿಲನ್ನರು ೨೦೨೦ರಲ್ಲಿ ತಮ್ಮ ಗೀತೆಗಳ ಹಕ್ಕನ್ನು ಯೂನಿವರ್ಸಲ್ ಸಂಸ್ಥೆಗೆ ಮಾರಿದರು. ೨೦೨೪ರಲ್ಲಿ ಪಿಂಕ್ ಫ್ಲಾಯ್ಡ್ ಮೇಳದ ಧ್ವನಿಮುದ್ರಣಗಳ ಹಕ್ಕು ಸೋನಿ ಸಂಸ್ಥೆಗೆ ಸೇರಿತು. ಅದರ ಬೆಲೆ ಸುಮಾರು ನಲವತ್ತು ಕೋಟಿ ಡಾಲರುಗಳೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ಹಳೆಯ ಹಾಡು ಕಾಲುವೆ ನೀರುಂಡ ಗದ್ದೆಯಂತೆ, ವರ್ಷ ವರ್ಷವೂ ಫಲ ನಿಶ್ಚಿತ. ಹೊಸ ಹಾಡು ಮಳೆಯನ್ನೇ ನಂಬಿದ ಬೆದ್ದಲು. ಯಲಬುರ್ಗಾ, ಕುಷ್ಟಗಿಗಳ ಒಕ್ಕಲಿಗನಿಗೆ ಈ ಎರಡರ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ನಾಡಿನ ಅನುಭವವೂ ಇದಕ್ಕೆ ಹೊರತಲ್ಲ. ಬೆಂಗಳೂರಿಗೆ ರಾಕ್ ಸಂಗೀತದ ರಾಜಧಾನಿಯೆಂಬ ಬಿರುದು ಬಹುಕಾಲದಿಂದ ಇದೆ. ಅರಮನೆ ಮೈದಾನದಲ್ಲಿ ೨೦೦೧ರಲ್ಲಿ ಡೀಪ್ ಪರ್ಪಲ್, ೨೦೦೨ರಲ್ಲಿ ಪಿಂಕ್ ಫ್ಲಾಯ್ಡ್ ಮೇಳದಲ್ಲಿದ್ದ ರೋಜರ್ ವಾಟರ್ಸ್, ೨೦೦೩ರ ಏಪ್ರಿಲಿನಲ್ಲಿ ರೋಲಿಂಗ್ ಸ್ಟೋನ್ಸ್, ೨೦೦೭ರ ಮಾರ್ಚಿನಲ್ಲಿ ಐರನ್ ಮೇಡನ್, ೨೦೧೧ರ ಅಕ್ಟೋಬರಿನಲ್ಲಿ ಮೆಟಾಲಿಕಾ ಹಾಡಿದರು. ಇವರು ಯಾರೂ ತಮ್ಮ ಮೊದಲ ಪ್ರಾಯದಲ್ಲಿ ಇಲ್ಲಿಗೆ ಬಂದವರಲ್ಲ. ರೋಲಿಂಗ್ ಸ್ಟೋನ್ಸ್ ಬಂದದ್ದು ತಮ್ಮ ನಲವತ್ತು ವರ್ಷಗಳ ಸಂಭ್ರಮದ ಪ್ರವಾಸದಲ್ಲಿ. ಆ ಸಂದರ್ಭದ ಆಲ್ಬಮ್ಮಿನ ನಲವತ್ತು ಹಾಡುಗಳಲ್ಲಿ ಹೊಸವು ನಾಲ್ಕೇ. ಕ್ಯಾಸೆಟ್ಟುಗಳ ಮೂಲಕ ತಡವಾಗಿ ನಮ್ಮನ್ನು ಮುಟ್ಟಿದ ಈ ಸಂಗೀತವು ಮುಟ್ಟುವಾಗಲೇ ಪ್ರತಿಷ್ಠಿತವಾಗಿತ್ತು. ಅದು ಹೊಸದಾಗಿ, ವಿವಾದಾಸ್ಪದವಾಗಿ ಇದ್ದ ಗಳಿಗೆಯನ್ನು ನಾವು ಬಹುಮಟ್ಟಿಗೆ ಕಾಣಲೇ ಇಲ್ಲ.

ಐರನ್ ಮೇಡನ್ ಮೇಳದ ಆ ಪ್ರವಾಸವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ೨೦೦೬ರಲ್ಲಿ ಅವರು ಅಮೆರಿಕ, ಯುರೋಪುಗಳಲ್ಲಿ ತಮ್ಮ ಹೊಸ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ, ಒಂದನ್ನೂ ಬಿಡದೆ, ವೇದಿಕೆಯ ಮೇಲೆ ಹಾಡಿದರು. ಕಲಾವಿದನಿಗೆ ತಕ್ಕ ಧೈರ್ಯವೇ ಅದು. ಆದರೆ ಹಳೆಯ ಹಾಡುಗಳು ಬೇಕೆಂದು ಗೊಣಗಿದವರೂ ಕೂಗಿದವರೂ ಇದ್ದರು. ಮರುವರ್ಷ ಪ್ರವಾಸವು ಮುಂದುವರಿದು ಬೆಂಗಳೂರನ್ನು ಮುಟ್ಟುವ ಹೊತ್ತಿಗೆ ಹೊಸ ಹಾಡುಗಳು ಅರ್ಧಕ್ಕಿಳಿದು, ೧೯೮೦ರ ದಶಕದ ಹಾಡುಗಳು ಅವುಗಳ ಸ್ಥಾನದಲ್ಲಿ ಬಂದು ಕುಳಿತಿದ್ದವು. ಮೈದಾನದಲ್ಲಿ ನೆರೆದವರಿಗೆ ಸಂತೋಷವೇ ಆಗಿರಬೇಕು. ಆದರೆ ಆ ಸಂತೋಷಕ್ಕೆ ಬೆಲೆ ತೆತ್ತದ್ದು ಹೊಸ ಹಾಡು.

ಈ ಬೆಲೆಯನ್ನು ನಮ್ಮವರೇ ಆದ ಕಲಾವಿದರೂ ತೆರುತ್ತಿದ್ದಾರೆ. ಬೆಂಗಳೂರಿನ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ೧೯೯೬ರಲ್ಲಿ ಹುಟ್ಟಿದ ಮೇಳ. ಪರರ ಪ್ರಸಿದ್ಧ ಹಾಡುಗಳನ್ನು ಚೆನ್ನಾಗಿ ಅನುಕರಿಸುವವನೇ ಒಳ್ಳೆಯ ರಾಕ್ ಗಾಯಕನೆಂದು ಕಾಲೇಜು ಉತ್ಸವಗಳು ಭಾವಿಸಿದ್ದ ಕಾಲದಲ್ಲಿ ಅವರು ಸ್ವಂತ ಹಾಡುಗಳನ್ನು ಕಟ್ಟಿದರು. ೧೯೯೮ರ ಕ್ರಿಪ್ಟಾಸ್ ಮೇಳವು ೨೦೧೩ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ಹಾಡಿತು. ೨೦೨೪ರಲ್ಲಿ ‘ಡೆಸಿಮೇಟರ್’ ಎಂಬ ಆಲ್ಬಂ ಹೊರತಂದಿತು. ಕಾಲು ಶತಮಾನ ಕಳೆದ ಇವರೂ ಈಗ ಹಿರಿಯರೇ. ಪರದೇಶದ ಹಿರಿಯರ ಹಳೆಯ ಹಾಡಿಗೆ ಸಾವಿರಾರು ರೂಪಾಯಿ ಕೊಟ್ಟು ಟಿಕೀಟು ಕೊಳ್ಳುವ ನಗರದಲ್ಲಿ ಇವರ ಹೊಸ ಹಾಡನ್ನು ಹೆಸರು ಹಿಡಿದು ಕೇಳಬಲ್ಲವರು ಕೆಲವರೇ.

ಹೀಗೇಕಾಯಿತೆಂದು ವಿಚಾರಿಸಿದರೆ ದೋಷವು ವಯಸ್ಸಿನಲ್ಲಿ ಇಲ್ಲವೆಂದು ತೋರುತ್ತದೆ. ‘ಹ್ಯಾಕ್ನಿ ಡೈಮಂಡ್ಸ್’ ಮುಗಿಯುವುದು ರೋಲಿಂಗ್ ಸ್ಟೋನ್ಸ್ ಮೇಳದ ಸ್ವಂತ ಹಾಡಿನಿಂದಲ್ಲ. ಮಿಸಿಸಿಪ್ಪಿಯ ನೀಗ್ರೊ ಗಾಯಕ ಪರಂಪರೆಯ ಮಡ್ಡಿ ವಾಟರ್ಸ್ ೧೯೫೦ರಲ್ಲಿ ಹಾಡಿದ, ಮೇಳಕ್ಕೆ ಹೆಸರನ್ನು ಕೊಟ್ಟ ಹಾಡಿನಿಂದ. ಆ ಬ್ಲೂಸ್ ಹಾಡುಗಳು ಒಬ್ಬನ ಬಾಯಿಂದ ಇನ್ನೊಬ್ಬನ ಬಾಯಿಗೆ ದಾಟುತ್ತ, ದಾಟುವಾಗ ಮಾರ್ಪಡುತ್ತ ಬಂದವು. ಹಾಗೆ ಬಂದುದನ್ನು ರಾಕ್ ಸಂಗೀತವು ಧ್ವನಿಮುದ್ರಿಕೆಯಲ್ಲಿ ನಿಲ್ಲಿಸಿಬಿಟ್ಟಿತು. ಅಲ್ಲಿ ಹಾಡು ಎಂದರೆ ಅದರ ಮುದ್ರಿತ ರೂಪವೇ. ಇನ್ನೊಬ್ಬರು ಹಾಡಿದರೆ ಅದು ನಕಲು, ಹಾಡಿದವರೇ ಮುಪ್ಪಿನಲ್ಲಿ ಹಾಡಿದರೂ ಅರ್ಧ ನಕಲು. ಎಪ್ಪತ್ತೈದರ ಗಾಯಕನು ಇಪ್ಪತ್ತೈದರ ತನ್ನ ಕಂಠದೊಡನೆಯೇ ಸ್ಪರ್ಧಿಸಬೇಕು. ಅದರಲ್ಲಿ ಗೆದ್ದವರುಂಟೆ?

ಇದಕ್ಕೆ ಎದುರಾಗಿ ಶಿಶುನಾಳ ಷರೀಫರ ತತ್ವಪದಗಳನ್ನು ಇಟ್ಟು ನೋಡಬಹುದು. ಷರೀಫರು ೧೮೮೯ರಲ್ಲಿ ತೀರಿಕೊಂಡರು. ಅವರ ಕಂಠವನ್ನು ಕೇಳಿದವರು ಇಂದು ಯಾರೂ ಇಲ್ಲ, ಅದರ ಮುದ್ರಿಕೆಯೂ ಇಲ್ಲ. ಭಜನೆಯ ಮೇಳಗಳು ಅವರ ಪದಗಳನ್ನು ಹಾಡುತ್ತ ಬಂದವು. ೧೯೯೦ರ ಚಲನಚಿತ್ರಕ್ಕಾಗಿ ಸಿ. ಅಶ್ವತ್ಥರು ಅವಕ್ಕೆ ಹೊಸ ಮಟ್ಟು ಹಾಕಿದರು. ರಘು ದೀಕ್ಷಿತರು ೨೦೦೮ರ ತಮ್ಮ ಮೊದಲನೆಯ ಆಲ್ಬಮ್ಮಿನಲ್ಲಿ ಗಿಟಾರ್, ಪಿಟೀಲುಗಳೊಡನೆ ಹಾಡಿದರು. ಯಾವುದು ಮೂಲ, ಯಾವುದು ನಕಲು ಎಂದು ಕನ್ನಡಿಗರು ಕೇಳಲಿಲ್ಲ. ಪದ ಹಳೆಯದು, ಹಾಡಿಕೆ ಹೊಸದು ಎಂಬ ಒಪ್ಪಂದದಲ್ಲಿ ನಮ್ಮ ಹಾಡುಗಾರಿಕೆ ಬದುಕಿದೆ.

ಆ ಒಪ್ಪಂದ ಮುರಿದರೆ ಏನಾಗುವುದೆಂಬುದನ್ನು ಪಶ್ಚಿಮದ ಹೊಸ ಪ್ರಯೋಗವೊಂದು ತೋರಿಸಿದೆ. ಸ್ವೀಡನ್ನಿನ ಪಾಪ್ ಮೇಳ ಅಬ್ಬಾ ೨೦೨೧ರಲ್ಲಿ, ನಲವತ್ತು ವರ್ಷಗಳ ಮೌನದ ಅನಂತರ, ಹೊಸ ಆಲ್ಬಂ ಕೊಟ್ಟಿತು. ಮರುವರ್ಷ ಲಂಡನ್ನಿನಲ್ಲಿ ಆರಂಭವಾದ ಅದರ ಪ್ರದರ್ಶನದಲ್ಲಿ ವಾದ್ಯ ನುಡಿಸುವವರು ಜೀವಂತ ಮನುಷ್ಯರು. ಹಾಡುವವರು ಮಾತ್ರ ಗಣಕಯಂತ್ರ ರಚಿಸಿದ ತರುಣ ಆಕೃತಿಗಳು. ಹಾಡುಗಳಲ್ಲಿ ಬಹುಪಾಲು ಹಳೆಯವೇ. ೨೦೨೩ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಕೊನೆಯ ಕಚೇರಿ ನಡೆಸಿದ ಕಿಸ್ ಎಂಬ ರಾಕ್ ಮೇಳವು, ಮುಂದೆ ತಮ್ಮ ಬದಲು ಇಂಥ ಆಕೃತಿಗಳೇ ಹಾಡುವುವೆಂದು ಅದೇ ವೇದಿಕೆಯ ಮೇಲೆ ಘೋಷಿಸಿತು. ಇದಕ್ಕಿಂತ ೨೦೨೫ರ ಜುಲೈ ೫ರಂದು ಬರ್ಮಿಂಗ್‌ಹ್ಯಾಮಿನಲ್ಲಿ, ನಿಲ್ಲಲಾಗದೆ ಆಸನದಲ್ಲಿ ಕುಳಿತೇ ತನ್ನ ಕಡೆಯ ಹಾಡುಗಳನ್ನು ಹಾಡಿ, ಹದಿನೇಳು ದಿನಗಳ ಬಳಿಕ ತೀರಿಕೊಂಡ ಬ್ಲ್ಯಾಕ್ ಸಬ್ಬತ್ ಮೇಳದ ಆಜಿ ಆಸ್ಬರ್ನ್ ಮನುಷ್ಯನ ಘನತೆಗೆ ಹತ್ತಿರವಾಗಿದ್ದರು.

ಪರದೆಯ ಮೇಲೆ ಆಕೃತಿಗಳನ್ನು ಕುಣಿಸಿ ಕಥೆ ಹಾಡುವ ವಿದ್ಯೆ ಕೊಪ್ಪಳ ಸೀಮೆಗೆ ಹೊಸದಲ್ಲ. ಇರಕಲ್ಲಗಡವಿರುವ ಕೊಪ್ಪಳ ತಾಲೂಕಿನದೇ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಎಂಬ ತೊಗಲುಗೊಂಬೆಯಾಟದ ಹಿರಿಯರಿಗೆ ೨೦೨೫ರಲ್ಲಿ, ಅವರ ೯೬ನೆಯ ವಯಸ್ಸಿನಲ್ಲಿ, ಪದ್ಮಶ್ರೀ ಪ್ರಶಸ್ತಿ ಬಂದಿತು. ಈ ಆಟದಲ್ಲಿ ಗೊಂಬೆಗಳು ತಲೆಮಾರುಗಳಿಂದ ಬಂದವು. ರಾಮಾಯಣ, ಮಹಾಭಾರತಗಳ ಕಥೆಯೂ ಹಳೆಯದು. ಆದರೆ ಪರದೆಯ ಹಿಂದಿನ ದನಿ ಅಂದಿನ ರಾತ್ರಿಯದು, ಉಸಿರಾಡುವ ಮನುಷ್ಯನದು. ಲಂಡನ್ನಿನ ಪ್ರದರ್ಶನದಲ್ಲಿ ಇದು ತಿರುಗುಮುರುಗಾಗಿದೆ: ಅಲ್ಲಿ ಗೊಂಬೆ ಹೊಸದು, ದನಿ ಮುದ್ರಿತವಾದದ್ದು. ನಮ್ಮಲ್ಲಿ ಗೊಂಬೆಗೆ ಮುಪ್ಪಾದರೂ ಆಟಕ್ಕೆ ಮುಪ್ಪಿಲ್ಲವೆಂದು ಹೆಮ್ಮೆಪಡಬಹುದು.

ಆದರೆ ಹೆಮ್ಮೆಪಟ್ಟು ಸುಮ್ಮನಾಗುವಂತಿಲ್ಲ. ರಾಕ್ ಗಾಯಕನು ಕಣ್ಮರೆಯಾದರೆ ಅವನ ಮುದ್ರಿಕೆಯಾದರೂ ಉಳಿದೀತು. ಗೊಂಬೆಯಾಟದವರ ದನಿ ಮುಂದಿನ ಬಾಯಿಗೆ ದಾಟದಿದ್ದರೆ ಉಳಿಯುವುದು ವಸ್ತುಸಂಗ್ರಹಾಲಯದ ಗಾಜಿನ ಹಿಂದಿನ ತೊಗಲು ಮಾತ್ರ. ದಾಟಬೇಕಾದರೆ ಪರದೆಯ ಈಚೆಗೆ ಕುಳಿತು ನೋಡುವವರಿರಬೇಕು. ಪ್ರಶಸ್ತಿಯ ಸುದ್ದಿ ಬಂದ ದಿನ ನಾವೆಲ್ಲರೂ ಅಭಿಮಾನಪಟ್ಟೆವು. ತೊಗಲುಗೊಂಬೆಯ ಆಟವೊಂದನ್ನು ಮೊದಲಿನಿಂದ ಮಂಗಳದವರೆಗೆ ಕುಳಿತು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ಸ್ಟೋನ್ಸ್ ಮೇಳಕ್ಕೆ ಪ್ರಶಸ್ತಿ ಕೊಟ್ಟು ಅವರ ಹಳೆಯ ಹಾಡನ್ನೇ ಕೇಳುವವರಿಗೂ, ಹಿರಿಯ ಕಲಾವಿದೆಗೆ ಶಾಲು ಹೊದಿಸಿ ಆಟಕ್ಕೆ ಹೋಗದವರಿಗೂ ಹೆಚ್ಚಿನ ವ್ಯತ್ಯಾಸವಿಲ್ಲ.

ಮುಪ್ಪಿನ ಕಲಾವಿದನು ನಮ್ಮಿಂದ ಬಯಸುವುದು ಕರುಣೆಯನ್ನಲ್ಲ, ಅವನು ಈಗ ಮಾಡಿದ ಕೆಲಸಕ್ಕೆ ಒಂದು ತಾಸಿನ ಗಮನವನ್ನು. ಆ ಕೆಲಸ ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲವೆನ್ನೋಣ. ಅದೂ ಒಂದು ಮರ್ಯಾದೆಯೇ. ಕೊಪ್ಪಳದ ಗವಿಸಿದ್ಧೇಶ್ವರನ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಕನಕಗಿರಿಯಲ್ಲಿ ಕನಕಾಚಲಪತಿಯ ತೇರು ಎಳೆಯುತ್ತಾರೆ. ಇಂಥ ಜಾತ್ರೆಗಳಲ್ಲಿ ಒಂದು ಪರದೆ, ಒಂದು ದೀಪ, ಒಂದು ಪೂರ್ತಿ ರಾತ್ರಿಯನ್ನು ತೊಗಲುಗೊಂಬೆಯವರಿಗೆ ಮೀಸಲಿಡುವುದು ಯಾವ ಸಮಿತಿಗೂ ಭಾರವಾಗಲಾರದು. ಆ ಆಟದಲ್ಲಿ ಅವರು ಹೊಸ ಪ್ರಸಂಗವನ್ನು ತಂದರೆ, ಹಳೆಯದೇ ಬೇಕೆಂದು ಕೂಗದೆ ಕುಳಿತು ನೋಡುವುದು ನಮ್ಮ ಪಾಲಿನ ಕೆಲಸ.