ಹಿತ್ತಿಲಲ್ಲಿ ಬಿದ್ದ ಉಂಡೆ

ತೆಂಗಿನ ಮರದ ಬುಡದಲ್ಲಿ ಹೆಬ್ಬೆರಳ ಗಾತ್ರದ ಕರಿಯ ಉಂಡೆ. ಒಡೆದರೆ ಒಳಗೆ ಕೂದಲು, ಎಲುಬು, ಪುಟ್ಟ ತಲೆಬುರುಡೆ! ಇದನ್ನು ಮಾಟವೆಂದು ಬಗೆದು ಬೆದರುವ ಗೃಹಿಣಿಯರುಂಟು. ಅಂಜಬೇಕಾದುದಿಲ್ಲವೆಂದು ನಾವು ಅರಿಕೆ ಮಾಡುವೆವು. ಇದು ಕಣಜಗೂಬೆಯು ಕಾರಿದ ಉಂಡೆ. ಈ ಹಕ್ಕಿಯು ಇಲಿಯನ್ನು ಹೆಚ್ಚಾಗಿ ಇಡಿಯಾಗಿಯೇ ನುಂಗುವುದು. ಮಾಂಸವು ಜೀರ್ಣವಾದ ಬಳಿಕ, ಅರಗದ ಕೂದಲೂ ಎಲುಬೂ ಹೊಟ್ಟೆಯಲ್ಲಿ ಉಂಡೆಗಟ್ಟಿ ಬಾಯಿಂದಲೇ ಹೊರಬೀಳುವುವು. ಒಂದೇ ಉಂಡೆಯಲ್ಲಿ ಎರಡು ಮೂರು ಬುರುಡೆಗಳಿರುವುದೂ ಉಂಟು. ಅಷ್ಟು ಇಲಿಗಳು ನಮ್ಮ ಅಕ್ಕಿಯ ಮೂಟೆಯನ್ನು ಮುಟ್ಟದೆ ಹೋದುವಲ್ಲವೆ?

ಗೂಬೆಯನ್ನು ಅಪಶಕುನವೆಂದು ಕಲ್ಲೆಸೆದು ಕೊಲ್ಲುವುದು ಕೃತಘ್ನತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೂ ಹೌದು. ಹಿತ್ತಿಲಲ್ಲಿ ಇಲಿಪಾಷಾಣ ಇಡುವವರೂ ಯೋಚಿಸಲಿ: ವಿಷ ತಿಂದ ಇಲಿಯನ್ನು ನುಂಗಿದ ಗೂಬೆಯೂ ಸಾಯಬಹುದು.